ಸಕ್ಕರೆಯ ನಾಡಿನಲ್ಲಿ ಎಂಟು ದಿನ: ಕ್ಯೂಬಾ ಅಧ್ಯಯನ ಪ್ರವಾಸ ಕಲಿಸಿದ ಪಾಠಗಳು



ನಾನು ಇದೇ ಕಾಲೇಜಿನ ವಿಜ್ಞಾನ ವಿಭಾಗದ ಹಳೆಯ ವಿದ್ಯಾರ್ಥಿನಿ. ಇಂಜಿನಿಯರಿಂಗ್ ಮುಗಿಸಿ ಸ್ನಾತಕೋತ್ತರ ಓದಿಗೆ ಕೆನಡಾಕ್ಕೆ ಹೋದಾಗ ನಮಗೆ 'ತಂತ್ರಜ್ಞಾನ ಮತ್ತು ಸಮಾಜ' ಎಂಬ ಒಂದು ವಿಷಯವಿತ್ತು. ಅದರ ಭಾಗವಾಗಿ 2019ರ ಫೆಬ್ರವರಿಯಲ್ಲಿ ನಾವು ಹದಿನಾಲ್ಕು ವಿದ್ಯಾರ್ಥಿಗಳು, ಇಬ್ಬರು ಪ್ರಾಧ್ಯಾಪಕರು ಎಂಟು ದಿನ ಕ್ಯೂಬಾ ದೇಶಕ್ಕೆ ಅಧ್ಯಯನ ಪ್ರವಾಸ ಹೋದೆವು. ಹೊರಡುವ ಮೊದಲೇ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೊಟ್ಟಿದ್ದರು. ನನ್ನ ಪಾಲಿಗೆ ಬಂದದ್ದು: 'ಇಂಟರ್‌ನೆಟ್ ತಡವಾಗಿ ಬಂದ ದೇಶದಲ್ಲಿ ಜನ ಹೇಗೆ ಬದುಕುತ್ತಾರೆ?' ಉತ್ತರ ಹುಡುಕಲು ಹೋದ ನನಗೆ ಅದಕ್ಕಿಂತ ಕಷ್ಟದ ಇನ್ನೊಂದು ಪ್ರಶ್ನೆ ಸಿಕ್ಕಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಬರಹ.

ದ್ವೀಪದ ಪರಿಚಯ

ಕ್ಯೂಬಾ ಕೆರಿಬಿಯನ್ ಸಮುದ್ರದ ಅತಿ ದೊಡ್ಡ ದ್ವೀಪ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 1,250 ಕಿ.ಮೀ. ಉದ್ದ. ವಿಸ್ತೀರ್ಣ ಸುಮಾರು 1,10,000 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕಕ್ಕಿಂತ ಬಹಳ ಚಿಕ್ಕದು. ಜನಸಂಖ್ಯೆ ಸುಮಾರು ಒಂದು ಕೋಟಿ. ಭಾಷೆ ಸ್ಪ್ಯಾನಿಷ್. ರಾಜಧಾನಿ ಹವಾನಾ 1519ರಿಂದ ಈಗಿನ ಜಾಗದಲ್ಲಿದೆ. ಅದರ ಹಳೆಯ ಪೇಟೆಯನ್ನು 1982ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1959ರಲ್ಲಿ ಅಲ್ಲಿ ಕ್ರಾಂತಿಯಾಯಿತು. 1962ರಲ್ಲಿ ಅಮೆರಿಕ ಸಂಪೂರ್ಣ ವ್ಯಾಪಾರ ನಿರ್ಬಂಧ ಹೇರಿತು. ಹೊಸ ಕಾರುಗಳು, ಬಿಡಿಭಾಗಗಳು ಬರುವುದು ನಿಂತುಹೋಯಿತು. ಆದ್ದರಿಂದಲೇ 1950ರ ದಶಕದ ಅಮೆರಿಕನ್ ಕಾರುಗಳು ಇಂದಿಗೂ ಹವಾನಾದ ರಸ್ತೆಗಳಲ್ಲಿ ಬಾಡಿಗೆ ಓಡುತ್ತಿವೆ. ಹೊರಗಿನ ಮೈ ಮಾತ್ರ ಹಳೆಯದು. ಒಳಗೆ ಬೇರೆ ಯಾವುದೋ ವಾಹನದ ಡೀಸೆಲ್ ಎಂಜಿನ್ ಇರುತ್ತದೆ. ಸಿಗದ ಭಾಗವನ್ನು ಮೆಕ್ಯಾನಿಕ್‌ಗಳು ತಾವೇ ಕಡೆದು ಮಾಡಿಕೊಳ್ಳುತ್ತಾರೆ. ಇದಕ್ಕೆ ಅವರ ಬಾಯಲ್ಲಿ ಸದಾ ಬರುವ ಪದ 'ರೆಸೊಲ್ವೆರ್'. ಹೇಗಾದರೂ ಒಂದು ದಾರಿ ಮಾಡಿಕೊಳ್ಳುವುದು ಎಂದು ಅದರ ಅರ್ಥ.

ಒಂದು ಪದದ ಪಯಣ

ಮೊದಲ ದಿನ ಬೆಳಿಗ್ಗೆ ಕಾಫಿ ಕೊಟ್ಟ ಹೆಂಗಸು 'ಅಸೂಕರ್?' ಎಂದು ಕೇಳಿದರು. ನನಗೆ ಅರ್ಥವಾಯಿತು! ನಮ್ಮ 'ಸಕ್ಕರೆ'ಯೂ ಅವರ 'ಅಸೂಕರ್' ಕೂಡ ಒಂದೇ ಬೇರಿನ ಪದಗಳು. ಸಂಸ್ಕೃತದ 'ಶರ್ಕರಾ' ಪಾರಸಿಯಲ್ಲಿ 'ಶಕರ್' ಆಗಿ, ಅರಬಿಯಲ್ಲಿ 'ಸುಕ್ಕರ್' ಆಗಿ, ಅರಬರೊಂದಿಗೆ ಸ್ಪೇನ್ ತಲುಪಿ 'ಅಸೂಕರ್' ಆಯಿತು. ಕಬ್ಬಿನ ಬೆಳೆಯೂ ಅದೇ ದಾರಿಯಲ್ಲಿ ಹೋಯಿತು. ಕೊಲಂಬಸ್ 1493ರ ತನ್ನ ಎರಡನೇ ಯಾನದಲ್ಲಿ ಕಬ್ಬನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ದನು. 'ಹಾಗಾಗಲಿ' ಎಂದು ಹಾರೈಸಲು ಸ್ಪ್ಯಾನಿಷ್‌ನವರು ಹೇಳುವ 'ಒಹಾಲಾ' ಎಂಬ ಮಾತಿನಲ್ಲೂ 'ಅಲ್ಲಾಹನು ಇಚ್ಛಿಸಿದರೆ' ಎಂಬ ಅರಬಿ ಮಾತು ಅಡಗಿದೆ. ಹೇಳುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ.

ಸಿಹಿಯ ಹಿಂದೆ ಕಹಿಯೂ ಇದೆ. ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಗುಲಾಮರಾಗಿ ತಂದರು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಅಲ್ಲಿನ ಸಂಗೀತ, ನೃತ್ಯ, ಅಡುಗೆ ಎಲ್ಲದರಲ್ಲೂ ಆಫ್ರಿಕಾ ಇದೆ. 2016ರಲ್ಲಿ ಯುನೆಸ್ಕೋ ಮಾನ್ಯ ಮಾಡಿದ ರುಂಬಾ ಅಂಥದ್ದೇ ಒಂದು ಕಲೆ. ತಂತ್ರಜ್ಞಾನವನ್ನು ತಂದದ್ದೂ ಸಕ್ಕರೆಯೇ. ಸಕ್ಕರೆ ಸಾಗಿಸಲೆಂದು 1837ರಲ್ಲಿ ಹವಾನಾದಿಂದ ಬೆಹುಕಾಲ್ ಊರಿಗೆ ರೈಲು ಓಡಿತು. ಕ್ಯೂಬಾವನ್ನು ಆಳುತ್ತಿದ್ದ ಸ್ಪೇನ್‌ನ ನೆಲದಲ್ಲಿ ಮೊದಲ ರೈಲು ಓಡಿದ್ದು 1848ರಲ್ಲಿ. ನಮ್ಮ ಮುಂಬೈ–ಠಾಣೆ ಪ್ರಯಾಣಿಕರ ರೈಲು 1853ರಲ್ಲಿ. ನೋಡಿ, 1837ರಲ್ಲಿ ಮುಂದಿದ್ದ ದೇಶವೇ ಇಂಟರ್‌ನೆಟ್ ವಿಷಯದಲ್ಲಿ ಹಿಂದೆ ಉಳಿಯಿತು. ತಂತ್ರಜ್ಞಾನದಲ್ಲಿ ಒಮ್ಮೆ ಮುಂದಿದ್ದವರು ಎಂದೆಂದೂ ಮುಂದಿರುತ್ತಾರೆ ಎಂಬ ನಿಯಮವಿಲ್ಲ. ಯಾರಿಗಾಗಿ, ಯಾವ ಲಾಭಕ್ಕಾಗಿ ಅದು ಬರುತ್ತದೆ ಎಂಬುದನ್ನು ನೋಡಬೇಕು.

ಊಟದ ಮಾತು

ನಮ್ಮಲ್ಲಿ ಹಲವರು ಕೇಳುವ ಪ್ರಶ್ನೆ: ಊಟಕ್ಕೆ ಏನು ಮಾಡಿದಿರಿ? ಅಲ್ಲಿ ಹಂದಿಮಾಂಸದ ಬಳಕೆ ಹೆಚ್ಚು. ನಾನು ಮೊದಲು ಕಲಿತ ಸ್ಪ್ಯಾನಿಷ್ ವಾಕ್ಯವೇ 'ಸಿನ್ ಸೆರ್ದೊ', ಹಂದಿಮಾಂಸ ಬೇಡ. ಬಿಳಿ ಅನ್ನಕ್ಕೆ ಕಪ್ಪು ಬೀನ್ಸ್ ಬೆರೆಸಿದ ಊಟ, ಬೇಯಿಸಿದ ಬಾಳೆಕಾಯಿ, ಮೊಟ್ಟೆ, ಮೀನು, ಇಷ್ಟರಲ್ಲಿ ಎಂಟು ದಿನ ಚೆನ್ನಾಗಿಯೇ ಕಳೆದವು. ಹಳೆಯ ಹವಾನಾದಲ್ಲಿ 'ಅರಬರ ಮನೆ' ಎಂಬ ವಸ್ತುಸಂಗ್ರಹಾಲಯವಿದೆ. ಅದರ ಹತ್ತಿರವೇ 2015ರಲ್ಲಿ ಒಂದು ಮಸೀದಿ ತೆರೆಯಿತು. ಅಲ್ಲಿನ ಮುಸ್ಲಿಮರ ಸಂಖ್ಯೆ ಚಿಕ್ಕದು. ಬಾಗಿಲಲ್ಲಿ ಸಲಾಂ ಹೇಳಿದ ಒಬ್ಬ ಅಜ್ಜ ನಾನು ಭಾರತದವಳೆಂದು ತಿಳಿದು, ಎರಡು ಕೈಗಳಿಂದ ದೂರವನ್ನು ಅಳೆದು ತೋರಿಸಿ ನಕ್ಕರು.

ಪಾರ್ಕಿನಲ್ಲಿ ಇಂಟರ್‌ನೆಟ್

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ವಿಮಾನ ಇಳಿದ ಕೂಡಲೇ ಫೋನ್ ಮಾಡುತ್ತೇನೆ ಎಂದು ಉಮ್ಮನಿಗೆ ಹೇಳಿದ್ದೆ. ಅಲ್ಲಿ ಅದಕ್ಕೆ ಏನು ವ್ಯವಸ್ಥೆ ಇದೆ ಎಂದು ವಿಚಾರಿಸಿಕೊಂಡಿರಲಿಲ್ಲ. ತಪ್ಪು ನನ್ನದೇ. ಇಳಿದು ನೋಡಿದರೆ ನನ್ನ ಫೋನಿನಲ್ಲಿ ಏನೂ ಇಲ್ಲ. ಎರಡು ದಿನ ಕಳೆದ ಮೇಲೆ ಇಂಟರ್‌ನೆಟ್ ಕಾರ್ಡ್ ಕೊಳ್ಳುವ ಸಾಲಿಗೆ ಹೋದೆ. ಅದು ಸಾಲಿನಂತೆಯೇ ಇರಲಿಲ್ಲ. ಜನ ಅಲ್ಲಲ್ಲಿ ನೆರಳಿನಲ್ಲಿ ಕುಳಿತಿದ್ದರು. ಅಲ್ಲಿನ ಪದ್ಧತಿ ಹೀಗೆ: ಬಂದವರು 'ಎಲ್ ಉಲ್ತಿಮೊ?', ಅಂದರೆ 'ಕೊನೆಯವರು ಯಾರು?' ಎಂದು ಕೇಳುತ್ತಾರೆ. ಒಬ್ಬರು ಕೈ ಎತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊಂಡು ಎಲ್ಲಿ ಬೇಕಾದರೂ ಕೂರಬಹುದು. ಮುಂದೆ ಬಂದವರು ಕೇಳಿದಾಗ ನಾವು ಕೈ ಎತ್ತಬೇಕು. ತಳ್ಳಾಟವಿಲ್ಲ.

ಕಾರ್ಡನ್ನು ಕೆರೆದರೆ ಉದ್ದನೆಯ ಎರಡು ಸಂಖ್ಯೆಗಳು ಸಿಗುತ್ತವೆ. ವೈಫೈ ಇರುವ ಪಾರ್ಕಿಗೆ ಹೋಗಿ ಅವನ್ನು ಒತ್ತಿದರೆ ಒಂದು ಗಂಟೆ ಸಂಪರ್ಕ. ಸಂಜೆಯ ಪಾರ್ಕಿನಲ್ಲಿ ಒಂದೊಂದು ಬೆಂಚಿನಲ್ಲೂ ಒಂದೊಂದು ಕುಟುಂಬ. ವಿದೇಶದಲ್ಲಿರುವ ಮಗನಿಗೆ ಮೊಮ್ಮಗುವನ್ನು ತೋರಿಸುತ್ತಿದ್ದಾರೆ, ಜೋರಾಗಿ ಮಾತಾಡುತ್ತಿದ್ದಾರೆ, ಅಳುತ್ತಿದ್ದಾರೆ. ಹೆಚ್ಚಿನವರು ಬಳಸುತ್ತಿದ್ದುದು 'ಇಮೊ' ಆ್ಯಪ್. ಗಲ್ಫಿನಲ್ಲಿದ್ದ ನನ್ನ ತಂದೆಯೊಂದಿಗೆ ನಾವು ಮಾತಾಡುತ್ತಿದ್ದುದೂ ಅದರಲ್ಲೇ. ನನಗೆ ಊರಿನ ನೆನಪಾಯಿತು.

ಹಿನ್ನೆಲೆ ಇದು. 1996ರಲ್ಲಿ ಉಪಗ್ರಹದ ಮೂಲಕ ಕ್ಯೂಬಾ ಇಂಟರ್‌ನೆಟ್ ಸೇರಿತು. ವೇಗ ಕಡಿಮೆ, ಖರ್ಚು ಹೆಚ್ಚು. ಸಾಮಾನ್ಯರು ಮೊಬೈಲ್ ಸಂಪರ್ಕ ಪಡೆಯಲು ಅನುಮತಿ ಸಿಕ್ಕಿದ್ದು 2008ರಲ್ಲಿ. ವೆನೆಜುವೆಲಾದಿಂದ ಸಮುದ್ರದಡಿಯ ಕೇಬಲ್ 2011ರಲ್ಲಿ ದಡ ಮುಟ್ಟಿತು. ಅದು ಕೆಲಸ ಆರಂಭಿಸಿದ್ದು 2013ರ ಹೊತ್ತಿಗೆ. ಆ ವರ್ಷ ಸಾರ್ವಜನಿಕರಿಗೆ 118 ಇಂಟರ್‌ನೆಟ್ ಕೊಠಡಿಗಳು ತೆರೆದವು. 2015ರಲ್ಲಿ 35 ಕಡೆ ವೈಫೈ ಬಂತು. 2018ರ ಡಿಸೆಂಬರಿನಲ್ಲಿ ಮೊಬೈಲಿಗೆ 3ಜಿ ಬಂತು. ನಾವು ಹೋದದ್ದು ಅದರ ಎರಡು ತಿಂಗಳ ನಂತರ. ಆಗ 4 ಜಿಬಿ ಡೇಟಾದ ಬೆಲೆ ಸುಮಾರು 30 ಡಾಲರ್. ಸರಕಾರಿ ನೌಕರರ ಸರಾಸರಿ ತಿಂಗಳ ಸಂಬಳವೂ ಹೆಚ್ಚುಕಡಿಮೆ ಅಷ್ಟೇ. ನಮ್ಮೂರಲ್ಲಿ ಆಗ ದಿನಕ್ಕೆ ಒಂದೂವರೆ ಜಿಬಿ ಮುಗಿಸಿ, ಸಾಲದು ಎನ್ನುತ್ತಿದ್ದೆವು.

ಹಾಗಾದರೆ ಜನ ಸುಮ್ಮನೆ ಕುಳಿತರೇ? ಇಲ್ಲ. 'ಎಲ್ ಪಕೇತೆ', ಅಂದರೆ 'ಪೊಟ್ಟಣ' ಎಂಬ ವ್ಯವಸ್ಥೆ ಮಾಡಿಕೊಂಡರು. ವಾರಕ್ಕೊಮ್ಮೆ ಸುಮಾರು ಒಂದು ಟೆರಾಬೈಟ್‌ನಷ್ಟು ಸಿನಿಮಾ, ಧಾರಾವಾಹಿ, ಹಾಡು, ಆ್ಯಪ್, ಪತ್ರಿಕೆಗಳು ಹಾರ್ಡ್ ಡಿಸ್ಕಿನಲ್ಲಿ ಕೈಯಿಂದ ಕೈಗೆ ದೇಶವಿಡೀ ತಲುಪುತ್ತವೆ. ಮನೆಗೆ ಬಂದ ಹುಡುಗ ಬೇಕಾದಷ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟು ಸ್ವಲ್ಪ ಹಣ ಪಡೆಯುತ್ತಾನೆ. ಕೃತಿಸ್ವಾಮ್ಯದ ಪ್ರಶ್ನೆ ಇಲ್ಲಿ ಇದ್ದೇ ಇದೆ. ಆದರೆ ಕಂಪ್ಯೂಟರ್ ವಿದ್ಯಾರ್ಥಿಗಳು ಗಮನಿಸಬೇಕಾದದ್ದು: ತಂತಿಯೇ ಬೇಕೆಂದಿಲ್ಲ, ಮನುಷ್ಯರೂ ನೆಟ್‌ವರ್ಕ್ ಆಗಬಲ್ಲರು.

ಓದಿ ಹೇಳುವವರು

ಒಂದು ದಿನ ಚುಟ್ಟಾ ತಯಾರಿಸುವ ಕಾರ್ಖಾನೆಗೆ ಹೋದೆವು. ಸಾಲು ಸಾಲಾಗಿ ಕುಳಿತವರು ಎಲೆ ಸುತ್ತುತ್ತಿದ್ದರು. ಎತ್ತರದ ಪೀಠದಲ್ಲಿ ಕುಳಿತ ಒಬ್ಬ ಮಹಿಳೆ ಮೈಕಿನಲ್ಲಿ ಪತ್ರಿಕೆ ಓದುತ್ತಿದ್ದರು. ಇವರಿಗೆ 'ಲೆಕ್ತೊರಾ' ಎಂದು ಹೆಸರು. 1865ರಲ್ಲಿ ಹವಾನಾದ ಒಂದು ಕಾರ್ಖಾನೆಯಲ್ಲಿ ಶುರುವಾದ ಪದ್ಧತಿ. ಕೈಗೆ ಕೆಲಸ, ಕಿವಿಗೆ ಓದು. ಆ ಕಾಲದಲ್ಲಿ ಓದುವವರ ಸಂಬಳವನ್ನು ಕಾರ್ಮಿಕರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ಓದು ಬಾರದವರೂ ಹೀಗೆ ಕಾದಂಬರಿ, ಸುದ್ದಿ, ಇತಿಹಾಸ ಎಲ್ಲ ಕೇಳಿ ತಿಳಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಅವರು ಬೀಡಿ ಸುತ್ತುವಾಗ ನಾನು ಪಕ್ಕದಲ್ಲಿ ಕುಳಿತು ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಜೋರಾಗಿ ಓದು ಎನ್ನುತ್ತಿದ್ದರು. ನನ್ನ ಐದನೇ ತರಗತಿಯ ಪಾಠಗಳು ಅವರಿಗೆ ಇಂದಿಗೂ ಬಾಯಿಪಾಠ. ನನ್ನ ಲಾಭಕ್ಕೆ ಜೋರಾಗಿ ಓದಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಅವರು ಕೇಳುತ್ತಿದ್ದರು ಎಂದು ಹೊಳೆದದ್ದು ಹವಾನಾದಲ್ಲಿ. ಉಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು.

ಲಾಟೀನು ಹಿಡಿದ ಮಕ್ಕಳು

ಕೊನೆಯ ದಿನ ನಾವು ನೋಡಿದ್ದು ಸಾಕ್ಷರತಾ ಆಂದೋಲನದ ವಸ್ತುಸಂಗ್ರಹಾಲಯ. ಹಿಂದೆ ಸೈನ್ಯದ ಶಿಬಿರವಾಗಿದ್ದು, 1959ರ ನಂತರ ಶಾಲೆಗಳಾಗಿ ಬದಲಾದ ಜಾಗ ಅದು. 1961ರಲ್ಲಿ ಶಾಲೆಗಳಿಗೆ ರಜೆ ಕೊಟ್ಟು ಸುಮಾರು ಒಂದು ಲಕ್ಷ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳುಹಿಸಿದರು. ಹೆಚ್ಚಿನವರು ನಿಮ್ಮ ವಯಸ್ಸಿನವರು, ಇನ್ನೂ ಚಿಕ್ಕವರೂ ಇದ್ದರು. ಅರ್ಧದಷ್ಟು ಹುಡುಗಿಯರು. ಹಗಲು ರೈತರೊಂದಿಗೆ ದುಡಿದು, ರಾತ್ರಿ ಲಾಟೀನಿನ ಬೆಳಕಿನಲ್ಲಿ ಪಾಠ. ಒಂದು ವರ್ಷದೊಳಗೆ ಏಳು ಲಕ್ಷಕ್ಕೂ ಹೆಚ್ಚು ಜನ ಅಕ್ಷರ ಕಲಿತರು. ಅನಕ್ಷರತೆ ಶೇ. 23ರ ಆಸುಪಾಸಿನಿಂದ ಶೇ. 4ರ ಹತ್ತಿರಕ್ಕೆ ಇಳಿಯಿತು. ಅಲ್ಲಿ ನಮಗೆ ವಿವರಿಸಿದ ಅಜ್ಜಿ ಆಗ ಹದಿಮೂರು ವರ್ಷದವರು. ತನ್ನ ಮೊದಲ ವಿದ್ಯಾರ್ಥಿ ಐವತ್ತು ದಾಟಿದ ರೈತ, ಪೆನ್ಸಿಲನ್ನು ಗುದ್ದಲಿಯಂತೆ ಹಿಡಿಯುತ್ತಿದ್ದ, ಹಲವು ಪೆನ್ಸಿಲ್ ಮುರಿದವು ಎಂದರು.

ನಮ್ಮ ಪ್ರಾಧ್ಯಾಪಕರು ಇನ್ನೊಂದು ಮುಖವನ್ನೂ ತೋರಿಸಿದರು. ಕಲಿಸಿದ ಪುಸ್ತಕದಲ್ಲೇ ಸರಕಾರದ ರಾಜಕೀಯ ವಿಚಾರಗಳಿದ್ದವು. ಎಲ್ಲರಿಗೂ ಓದಲು ಕಲಿಸಿದ ಅದೇ ದೇಶದಲ್ಲಿ ಪತ್ರಿಕೆಗಳು ಸರಕಾರದ ಹಿಡಿತದಲ್ಲಿವೆ, ಕೆಲವು ಜಾಲತಾಣಗಳು ತೆರೆಯುವುದಿಲ್ಲ. ಓದಲು ಬಂದರೂ ಬೇಕಾದದ್ದನ್ನು ಓದಲಾಗದಿದ್ದರೆ? ಬಸ್ಸಿನಲ್ಲಿ ಇದರ ಬಗ್ಗೆ ಬಿಸಿ ಚರ್ಚೆ ನಡೆಯಿತು. ನಾನು ಮಾತ್ರ ಸುಮ್ಮನಿದ್ದೆ. ನನ್ನ ಮನಸ್ಸಿನಲ್ಲಿ ತಿರುಗುಮುರುಗಾದ ಪ್ರಶ್ನೆ ಇತ್ತು. ನಮ್ಮ ಮನೆಯಲ್ಲಿ ಅಗ್ಗದ ಡೇಟಾ ಇದೆ, ಸ್ಮಾರ್ಟ್‌ಫೋನ್ ಇದೆ. ನಾನು ನೂರಾರು ಸಾಲು ಪ್ರೋಗ್ರಾಂ ಬರೆಯುತ್ತೇನೆ. ಉಮ್ಮನಿಗೆ ಮಾತ್ರ ನಾನು ಕಳುಹಿಸಿದ ಒಂದು ಸಾಲು ಓದಲು ಬರುವುದಿಲ್ಲ. ಹದಿಮೂರರ ಹುಡುಗಿ ಅಪರಿಚಿತ ರೈತನಿಗೆ ಕಲಿಸಿದಳು. ನಾನು ಇಪ್ಪತ್ತನಾಲ್ಕು ವರ್ಷ ಹೆತ್ತ ತಾಯಿಗೆ ಕಲಿಸಲಿಲ್ಲ.

ಪ್ರವಾಸದ ನಂತರ

ಮರುವಾರ ಉಮ್ಮನಿಗೆ ವೀಡಿಯೊ ಕರೆ ಮಾಡಿ ಹೇಳಿದೆ. 'ಈ ವಯಸ್ಸಲ್ಲಿ ನನಗೆ ಯಾಕೆ ಮಗಳೇ? ನೀವು ಕಲಿತಿರಲ್ಲ, ಸಾಕು' ಎಂದರು. ಆಗ ಪಿಯುಸಿಯಲ್ಲಿದ್ದ ನನ್ನ ತಮ್ಮ ಸ್ಲೇಟು ತಂದ. ಪ್ರತಿ ಭಾನುವಾರ ನಾನು ಅಲ್ಲಿಂದ ಹೇಳುವುದು, ಅವನು ಇಲ್ಲಿ ಕೈ ಹಿಡಿದು ಬರೆಸುವುದು. 'ಅ, ಆ' ಎಂದು ಶುರು ಮಾಡಿದ್ದು ನನ್ನ ತಪ್ಪು, ಅವರಿಗೆ ಬೇಸರ ಬಂತು. ಅವರ ಹೆಸರು, ನಮ್ಮ ಹೆಸರು, ಬಸ್ಸಿನ ಬೋರ್ಡು ಎಂದು ಬದಲಾಯಿಸಿದ ಮೇಲೆ ಕಲಿಕೆ ಓಡತೊಡಗಿತು. ಎಂಟು ತಿಂಗಳಾದ ಮೇಲೆ ಬ್ಯಾಂಕಿನಲ್ಲಿ ಸಹಿ ಹಾಕಿದರು. ಈಗಲೂ ಪತ್ರಿಕೆ ಸರಾಗವಾಗಿ ಓದಲಾರರು. ಆದರೆ ಒಂದು ರಾತ್ರಿ ನನ್ನ ಫೋನಿಗೆ ಧ್ವನಿಯ ಬದಲು ಅಕ್ಷರದ ಸಂದೇಶ ಬಂತು: 'ಉಟ ಅಯ್ತ'. ದೀರ್ಘಗಳು ಬಿಟ್ಟುಹೋಗಿದ್ದವು. ನಾನು ತಿದ್ದಲಿಲ್ಲ.

ಕ್ಯೂಬಾ ಆಮೇಲೆ ಇನ್ನೂ ಬದಲಾಗಿದೆ. 2021ರ ಜನವರಿಯಲ್ಲಿ ಎರಡು ಬಗೆಯ ನೋಟುಗಳನ್ನು ಒಂದು ಮಾಡಿದರು. ಫೋನಿನಲ್ಲಿ ಇಂಟರ್‌ನೆಟ್ ಸಾಮಾನ್ಯವಾಗಿದೆ. ಆದರೆ 2024ರ ಅಕ್ಟೋಬರಿನಲ್ಲಿ ಇಡೀ ದೇಶದ ವಿದ್ಯುತ್ ಜಾಲವೇ ಕುಸಿದು ದ್ವೀಪ ಕತ್ತಲಾಯಿತು. ಕರೆಂಟ್ ಇಲ್ಲದಿದ್ದರೆ ಯಾವ ನೆಟ್‌ವರ್ಕೂ ಇಲ್ಲ. ಸುದ್ದಿ ಓದಿದಾಗ ನನಗೆ ಆ ಲಾಟೀನುಗಳ ನೆನಪಾಯಿತು.

ಮಿತ್ರರೇ, ನೀವು ಕ್ಯೂಬಾಕ್ಕೆ ಹೋಗಬೇಕಾಗಿಲ್ಲ. ಮುಂದಿನ ತಿಂಗಳು ನಿಮಗೆ ರಜೆ. ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಹೆಬ್ಬೆಟ್ಟು ಒತ್ತುವವರು ಯಾರಿದ್ದಾರೆ ನೋಡಿ. ಒಬ್ಬರು ಸಾಕು. ಅವರ ಹೆಸರಿನಿಂದ ಪ್ರಾರಂಭಿಸಿ.

ಚರ್ಚೆಗೆ ಪ್ರಶ್ನೆಗಳು

1. ಸಕ್ಕರೆ ಉದ್ಯಮವು ಕ್ಯೂಬಾಕ್ಕೆ ತಂದ ಲಾಭ ಮತ್ತು ಅನ್ಯಾಯ ಎರಡನ್ನೂ ಪಟ್ಟಿ ಮಾಡಿ.
2. 'ಎಲ್ ಪಕೇತೆ'ಗೂ ಇಂಟರ್‌ನೆಟ್‌ಗೂ ಇರುವ ಮೂರು ವ್ಯತ್ಯಾಸಗಳನ್ನು ತಿಳಿಸಿ.
3. ಓದಲು ಬರುವುದು, ಬೇಕಾದದ್ದನ್ನು ಓದಲು ಸಾಧ್ಯವಾಗುವುದು: ಎರಡರಲ್ಲಿ ಯಾವುದು ಮೊದಲು? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.
4. ಸ್ಪ್ಯಾನಿಷ್‌ನ 'ಅಸೂಕರ್'ನಂತೆ, ನಿಮ್ಮ ಮನೆಮಾತಿನಲ್ಲಿ ಬೇರೆ ನಾಡಿನಿಂದ ಬಂದ ಐದು ಪದಗಳನ್ನು ಹಿರಿಯರನ್ನು ಕೇಳಿ ಸಂಗ್ರಹಿಸಿ.