ತೋಟದಿಂದ ಗಿರಾಕಿಯ ಕೈಗೆ: ಮಲೆನಾಡಿನ ಬೆಳೆಗಾರರಿಗೆ ಹತ್ತು ಸೂತ್ರಗಳು

ಶೃಂಗೇರಿಯಿಂದ ಕಿಗ್ಗ ದಾಟಿ ಸಿರಿಮನೆ ಜಲಪಾತದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಅಡಿಕೆ, ಕಾಫಿ, ಕಾಳುಮೆಣಸು ಕಾಣುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಚೆನ್ನಾಗಿ ಬೆಳೆಯಬಲ್ಲವರಿಗೆ ಕೊರತೆಯಿಲ್ಲ. ಆದರೆ ವರ್ಷವಿಡೀ ಜತನದಿಂದ ಬೆಳೆದದ್ದನ್ನು ಒಂದೇ ಮಧ್ಯಾಹ್ನ, ಸಿಕ್ಕಿದ ಬೆಲೆಗೆ ಕೊಟ್ಟು ಬರುವವರೂ ನಮ್ಮಲ್ಲಿ ಬಹಳ ಮಂದಿ. ಸರಕು ತೋಟ ಬಿಟ್ಟು ಬಳಸುವವರ ಮನೆ ಸೇರುವ ತನಕ ಹಲವು ಕೈ ದಾಟುತ್ತದೆ. ಒಂದೊಂದು ಕೈಯೂ ಒಂದೊಂದು ಕೆಲಸ ಮಾಡಿ ಅದರ ಕೂಲಿ ಪಡೆಯುತ್ತದೆ. ಆ ಕೆಲಸಗಳಲ್ಲಿ ನಮ್ಮಿಂದಾಗುವುದನ್ನು ನಾವೇ ಮಾಡಿದರೆ ಆ ಕೂಲಿಯೂ ನಮ್ಮದೇ. ಬೆಳೆಗಾರರು, ಹಪ್ಪಳ-ಉಪ್ಪಿನಕಾಯಿ ಮಾಡುವ ಮಹಿಳಾ ಸಂಘಗಳು, ಊರಿನ ಸಣ್ಣ ಅಂಗಡಿಯವರು, ಮೂವರಿಗೂ ಈ ಸೂತ್ರಗಳು ಉಪಯೋಗಕ್ಕೆ ಬರುತ್ತವೆ.

1. ಸರಕಿನ ದಾರಿಯನ್ನು ಬರೆದಿಡಿ

ನಿಮ್ಮ ಅಡಿಕೆ ಅಥವಾ ಕಾಫಿ ಯಾರ ಯಾರ ಕೈ ದಾಟುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ: ತೋಟ, ಮಂಡಿ ಅಥವಾ ಸಹಕಾರ ಸಂಘ, ಸಗಟು ಖರೀದಿದಾರರು, ದೂರದ ಊರಿನ ವ್ಯಾಪಾರಿ, ಕೊನೆಗೆ ಚಿಲ್ಲರೆ ಅಂಗಡಿ. ಪ್ರತಿ ಹೆಸರಿನ ಮುಂದೆ ಅವರು ಮಾಡುವ ಕೆಲಸವನ್ನೂ ಬರೆಯಿರಿ. ಒಬ್ಬರು ಹತ್ತಾರು ಮನೆಯ ಮಾಲು ಒಟ್ಟು ಮಾಡುತ್ತಾರೆ, ಒಬ್ಬರು ದಾಸ್ತಾನು ಇಡುತ್ತಾರೆ, ಒಬ್ಬರು ಮುಂಗಡ ಕೊಡುತ್ತಾರೆ, ಒಬ್ಬರು ಬೆಲೆ ಬೀಳುವ ಅಪಾಯ ಹೊರುತ್ತಾರೆ, ಕೊನೆಯವರು ಮೂಟೆ ಒಡೆದು ನೂರು ಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ. ದಲ್ಲಾಳಿಯನ್ನು ದಾರಿಯಿಂದ ತೆಗೆಯಬಹುದು, ಅವರು ಮಾಡುತ್ತಿದ್ದ ಕೆಲಸವನ್ನು ತೆಗೆಯಲಾಗದು. ಆ ಕೆಲಸ ಹೊರಲು ನೀವು ಸಿದ್ಧರಿದ್ದರೆ ಮಾತ್ರ ಅವರನ್ನು ಬಿಟ್ಟು ಮುಂದೆ ಹೋಗಿ. ಎಲ್ಲ ಕೆಲಸವನ್ನೂ ಒಮ್ಮೆಗೇ ಹಿಡಿಯಬೇಡಿ. ಈ ವರ್ಷ ಒಂದನ್ನು ಆರಿಸಿಕೊಳ್ಳಿ.

2. ದರ್ಜೆ ಮಾಡದೆ ಮೂಟೆ ಕಟ್ಟಬೇಡಿ

ಮಲೆನಾಡಿನ ಕೆಂಪಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ದರ್ಜೆಗಳಿವೆ. ಸರಕಿಗೂ ಗೊರಬಲಿಗೂ ಬೆಲೆಯಲ್ಲಿ ಅಜಗಜಾಂತರ. ನಾಲ್ಕನ್ನೂ ಬೆರೆಸಿ ಒಯ್ದರೆ ಖರೀದಿದಾರರು ಕೆಳಗಿನ ದರ್ಜೆಯನ್ನು ನೋಡಿ ಬೆಲೆ ಕಟ್ಟುತ್ತಾರೆ. ಕಾಳುಮೆಣಸಿನಲ್ಲಿ ಲೀಟರ್ ತೂಕ ಮುಖ್ಯ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ ಎಷ್ಟು ಗ್ರಾಂ ಕಾಳು ಹಿಡಿಯುತ್ತದೆ ಎಂಬುದರಿಂದ ಕಾಳಿನ ಗಟ್ಟಿತನ ಗೊತ್ತಾಗುತ್ತದೆ. ಕಾಫಿಯಲ್ಲಿ ಔಟ್‌ಟರ್ನ್ ಮುಖ್ಯ, ಅಂದರೆ 50 ಕೆ.ಜಿ. ಚೆರ್ರಿ ಮೂಟೆಯಿಂದ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆ ಎಂಬ ಲೆಕ್ಕ. ಇವುಗಳನ್ನು ಮನೆಯಲ್ಲೇ ಅಳೆದು, ಅಂಕಿ ಬರೆದುಕೊಂಡು ಹೋಗಿ. ನಿಮ್ಮ ಮಾಲಿನ ಗುಣ ನಿಮಗಿಂತ ಖರೀದಿದಾರರಿಗೇ ಚೆನ್ನಾಗಿ ಗೊತ್ತಿದ್ದರೆ ಬೆಲೆ ಹೇಳುವವರೂ ಅವರೇ ಆಗುತ್ತಾರೆ.

3. ಒಟ್ಟಾಗಿ ಮಾರಿ

ಮೂರು ಮೂಟೆ ಇರುವ ಬೆಳೆಗಾರರಿಗೆ ಚೌಕಾಸಿಯ ಶಕ್ತಿ ಇಲ್ಲ, ಮುನ್ನೂರು ಮೂಟೆ ಇರುವ ಸಂಘಕ್ಕೆ ಇದೆ. ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿತು. ಶಿವಮೊಗ್ಗದಲ್ಲಿ 1939ರಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ನಮ್ಮ ಮ್ಯಾಮ್‌ಕೋಸ್, ಆರಂಭವಾಯಿತು. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಬಂತು. ಅಡಿಕೆ ಕೊಳ್ಳಲು ಹುಟ್ಟಿದ ಆ ಸಂಸ್ಥೆ ಮುಂದೆ ಕೊಕ್ಕೊ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ತೋಟದ ಕೊಕ್ಕೊ ಬೀಜ ಅಂಗಡಿಯ ಚಾಕೊಲೇಟ್ ಆಗುವ ತನಕದ ದಾರಿಯನ್ನು ಬೆಳೆಗಾರರ ಸಂಸ್ಥೆಯೊಂದು ತಾನೇ ನಡೆಯಿತು. ಸದಸ್ಯರಾಗಿ. ಸದಸ್ಯರಾದ ಮೇಲೆ ಸರ್ವಸದಸ್ಯರ ಸಭೆಗೆ ಹೋಗಿ, ಲೆಕ್ಕಪತ್ರ ಓದಿ, ಪ್ರಶ್ನೆ ಕೇಳಿ. ಸಂಘದ ಬಲ ಅದಕ್ಕೆ ಮಾಲು ತಂದುಕೊಡುವ ಸದಸ್ಯರಲ್ಲಿದೆ.

4. ಅವಸರದ ಮಾರಾಟ ತಪ್ಪಿಸಿ

ಕಡಿಮೆ ಬೆಲೆಗೆ ಮಾರುವವರಲ್ಲಿ ಹೆಚ್ಚಿನವರು ಮಾರುಕಟ್ಟೆ ತಿಳಿಯದವರಲ್ಲ, ಹಣದ ತುರ್ತಿನಲ್ಲಿರುವವರು. ಮದುವೆ, ಶಾಲೆಯ ಶುಲ್ಕ, ಸಾಲದ ಕಂತು ಎದುರಿಗೆ ನಿಂತಾಗ ಫಸಲು ಮರದಲ್ಲಿರುವಾಗಲೇ ಕೇಣಿಗೆ ಹೋಗುತ್ತದೆ. ಆದ್ದರಿಂದ ಮಾರಾಟದ ಯೋಜನೆ ಮನೆಯ ಖರ್ಚಿನ ಪಟ್ಟಿಯಿಂದ ಶುರುವಾಗಬೇಕು. ಯಾವ ತಿಂಗಳಲ್ಲಿ ಎಷ್ಟು ಹಣ ಬೇಕು ಎಂದು ಮೊದಲೇ ಗುರುತಿಸಿ. ದಾಸ್ತಾನಿನ ಮೇಲೆ ಅಡಮಾನ ಸಾಲ ಸಿಗುವ ಕಡೆ ಅದನ್ನು ಬಳಸಿ, ಬಡ್ಡಿ ಮತ್ತು ಬೆಲೆ ಏರುವ ಸಾಧ್ಯತೆ ಎರಡನ್ನೂ ತೂಗಿ ನೋಡಿ.

ಕಾಫಿಯವರಿಗೆ ಈ ಜವಾಬ್ದಾರಿ ಇನ್ನೂ ಹೆಚ್ಚು. ದಶಕಗಳ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಆ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟ ಬಂತು. ಅಲ್ಲಿಂದ ಯಾವಾಗ ಮಾರಬೇಕು ಎಂಬ ತೀರ್ಮಾನ ನಮ್ಮದೇ. ಇಡೀ ಫಸಲನ್ನು ಒಂದೇ ದಿನದ ದರಕ್ಕೆ ಒಪ್ಪಿಸದೆ ಮೂರು ನಾಲ್ಕು ಕಂತಿನಲ್ಲಿ ಮಾರಿ. ಅತಿ ಹೆಚ್ಚಿನ ಬೆಲೆ ತಪ್ಪಬಹುದು, ಅತಿ ಕಡಿಮೆ ಬೆಲೆಯೂ ತಪ್ಪುತ್ತದೆ.

5. ಸಾಗಣೆಯನ್ನು ಕಿಲೋ ಲೆಕ್ಕದಲ್ಲಿ ನೋಡಿ

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರು ಹಳಿಯ ರೈಲು ಬರುತ್ತಿತ್ತು. ಇಂದು ನಮ್ಮ ಮೂರು ತಾಲ್ಲೂಕಿನಲ್ಲಿ ಎಲ್ಲವೂ ರಸ್ತೆಯ ಮೇಲೆಯೇ ಹೋಗಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುವುದೂ ಹೊಸತಲ್ಲ. ಹೀಗಿರುವಾಗ ಬಾಡಿಗೆ, ಹಮಾಲಿ, ತೂಕದ ನಷ್ಟ ಎಲ್ಲವನ್ನೂ ಕೂಡಿಸಿ ಒಂದು ಕಿಲೋಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿ. ಏಲಕ್ಕಿ, ಮೆಣಸು, ಕಾಫಿಪುಡಿ ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಅವು ದೆಹಲಿಯ ತನಕ ಹೋದರೂ ಬಾಡಿಗೆಯನ್ನು ತಡೆದುಕೊಳ್ಳುತ್ತವೆ. ಬಾಳೆಗೊನೆ, ಹಲಸಿನ ಹಣ್ಣು ತಡೆದುಕೊಳ್ಳುವುದಿಲ್ಲ. ಅವನ್ನು ಹತ್ತಿರದಲ್ಲೇ ಮಾರಿ, ಇಲ್ಲವೇ ಹಪ್ಪಳ, ಚಿಪ್ಸ್ ಮಾಡಿ ದೂರ ಕಳಿಸಿ.

ಸಾಗಣೆ ಒಂದು ಪ್ರತ್ಯೇಕ ವ್ಯವಹಾರ ಎಂಬುದನ್ನು ಮರೆಯಬೇಡಿ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಮೂರು ದಶಕದ ಹತ್ತಿರ ಮಲೆನಾಡಿನ ಹಳ್ಳಿಗಳನ್ನು ಜೋಡಿಸಿತು. ಜನರ ಪ್ರೀತಿ ಗಳಿಸಿದ್ದ ಆ ಬಸ್ಸುಗಳು ನಷ್ಟದ ಭಾರದಲ್ಲಿ 2020ರಲ್ಲಿ ನಿಂತವು. ನಿಮ್ಮ ಮಾಲಿನ ಗಾಡಿಗೂ ಇದೇ ಲೆಕ್ಕ: ಹೋಗುವಾಗ ತುಂಬಿದ ಗಾಡಿ ಬರುವಾಗ ಖಾಲಿ ಬಂದರೆ ಎರಡೂ ಕಡೆಯ ಡೀಸೆಲ್ ನಿಮ್ಮ ತಲೆಯ ಮೇಲೆ. ಅಕ್ಕಪಕ್ಕದವರೊಂದಿಗೆ ಸೇರಿ ಒಂದೇ ಗಾಡಿ ಮಾಡಿ, ಬರುವಾಗ ಗೊಬ್ಬರವನ್ನೋ ದಿನಸಿಯನ್ನೋ ತನ್ನಿ.

6. ಮಳೆಗೆ ತಕ್ಕ ಪೊಟ್ಟಣ, ಕಾನೂನಿಗೆ ತಕ್ಕ ಬರಹ

ನಮ್ಮ ಮಳೆಗಾಲ ಹಪ್ಪಳವನ್ನು ಮೆದು ಮಾಡುತ್ತದೆ, ಮೆಣಸಿಗೆ ಬೂಷ್ಟು ತರುತ್ತದೆ. ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಮುಚ್ಚಿ, ಎರಡು ಪದರದಲ್ಲಿ ಕಟ್ಟಿ. ಪೊಟ್ಟಣದ ಮೇಲೆ ಸರಕಿನ ಹೆಸರು, ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ ಇರಬೇಕು. 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಇದನ್ನು ಕೇಳುತ್ತವೆ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ, ಬಳಸಿದ ಸಾಮಗ್ರಿಗಳ ಪಟ್ಟಿ ಬೇಕು. ಇವು ಇಲ್ಲದ ಪೊಟ್ಟಣವನ್ನು ಪಟ್ಟಣದ ದೊಡ್ಡ ಅಂಗಡಿಯವರು ಮುಟ್ಟುವುದಿಲ್ಲ. ರುಚಿ ಎಷ್ಟೇ ಇದ್ದರೂ ಬಾಗಿಲಲ್ಲೇ ವಾಪಸ್.

7. ಬೆಲೆಯನ್ನು ಹಿಂದಿನಿಂದ ಲೆಕ್ಕ ಹಾಕಿ

ಬಹಳಷ್ಟು ಮಹಿಳಾ ಸಂಘಗಳು ಖರ್ಚಿಗೆ ಸ್ವಲ್ಪ ಲಾಭ ಕೂಡಿಸಿ ಬೆಲೆ ಇಡುತ್ತವೆ. ಅಂಗಡಿಗೆ ಕೊಡುವ ಹೊತ್ತಿಗೆ ಆ ಲಾಭ ಕರಗಿರುತ್ತದೆ. ಗಿರಾಕಿ ಕೊಡುವ ಬೆಲೆಯಿಂದ ಹಿಂದಕ್ಕೆ ಬನ್ನಿ. ಉದಾಹರಣೆಗೆ ಹಲಸಿನ ಹಪ್ಪಳದ ಕಟ್ಟೊಂದು 100 ರೂಪಾಯಿಗೆ ಹೋಗುತ್ತದೆ ಎಂದುಕೊಳ್ಳಿ. ಅಂಗಡಿಯವರಿಗೆ 20, ವಿತರಕರಿಗೆ 8 ಕಳೆದರೆ ನಿಮ್ಮ ಕೈಗೆ 72. ಪೊಟ್ಟಣ ಮತ್ತು ಲೇಬಲ್ 6, ಸಾಗಣೆ 4, ಒಡೆದು ಹಿಂದೆ ಬಂದದ್ದಕ್ಕೆ 3 ತೆಗೆದರೆ ಉಳಿಯುವುದು 59. ಕಾಯಿ, ಉಪ್ಪು-ಖಾರ, ಕೂಲಿ ಎಲ್ಲವೂ ಇದರೊಳಗೆ ಮುಗಿದು ಏನಾದರೂ ಉಳಿಯಬೇಕು. ನಿಮ್ಮ ಸ್ವಂತ ದುಡಿಮೆಗೂ ಕೂಲಿ ಬರೆಯಿರಿ. ಮನೆಯವರ ದುಡಿಮೆಗೆ ಲೆಕ್ಕ ಇಡದ ಉದ್ಯೋಗ ಲಾಭದಂತೆ ಕಂಡರೂ ಒಳಗೆ ನಷ್ಟದಲ್ಲಿರುತ್ತದೆ.

ಇನ್ನೊಂದು ಎಚ್ಚರಿಕೆ. 80ಕ್ಕೆ ಕೊಂಡು 100ಕ್ಕೆ ಮಾರಿದರೆ ಕೊಂಡ ಬೆಲೆಯ ಮೇಲೆ ಶೇ. 25, ಮಾರಿದ ಬೆಲೆಯ ಮೇಲೆ ಶೇ. 20. ಅಂಗಡಿಯವರು ಯಾವ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ ಎಂಬುದನ್ನು ಕೇಳಿ ತಿಳಿದುಕೊಂಡೇ ಒಪ್ಪಂದ ಮಾಡಿ.

8. ಅಂಗಡಿಗೆ ಯಾರು ಬರುತ್ತಾರೆ ಎಂದು ನೋಡಿ

ಶಾರದಾಂಬೆಯ ದರ್ಶನಕ್ಕೆ, ಕಿಗ್ಗದ ಋಷ್ಯಶೃಂಗೇಶ್ವರನ ಸನ್ನಿಧಿಗೆ, ಸಿರಿಮನೆ ಜಲಪಾತಕ್ಕೆ ಬರುವವರು ಚೀಲದಲ್ಲಿ ಹಿಡಿಯುವಷ್ಟನ್ನೇ ಕೊಳ್ಳುತ್ತಾರೆ. ಅವರಿಗೆ 100 ಗ್ರಾಂ ಮೆಣಸು, 200 ಗ್ರಾಂ ಕಾಫಿಪುಡಿ, ಸೋರದ ಜೇನಿನ ಬಾಟಲಿ ಬೇಕು. ಊರಿನ ಮನೆಯವರಿಗೆ ಕಿಲೋ ಲೆಕ್ಕ, ತಿಂಗಳ ಖಾತೆ ಬೇಕು. ಇಬ್ಬರಿಗೂ ಒಂದೇ ಸಾಲಿನಲ್ಲಿ ಒಂದೇ ಗಾತ್ರದ ಪೊಟ್ಟಣ ಇಟ್ಟರೆ ಇಬ್ಬರೂ ಬರಿಗೈಲಿ ಹೋಗುತ್ತಾರೆ. ನವರಾತ್ರಿ, ಬೇಸಿಗೆ ರಜೆಗೆ ಮೊದಲೇ ದಾಸ್ತಾನು ತುಂಬಿ, ಮಳೆ ಹಿಡಿಯುವ ಮುನ್ನ ಇಳಿಸಿ. ಹಳೆಯ ಸರಕನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸಿ. ಉದ್ರಿಗೆ ಪ್ರತಿ ಮನೆಗೂ ಒಂದು ಮಿತಿ ಬರೆದಿಡಿ, ಮುಲಾಜಿಗೆ ಬಿದ್ದು ಮೀರಬೇಡಿ.

9. ಹೆಸರು ಕಟ್ಟಿ, ಗಿರಾಕಿಯನ್ನು ಉಳಿಸಿಕೊಳ್ಳಿ

ಕಾಫಿ ಮಾರಾಟ ಮುಕ್ತವಾದ 1996ರಲ್ಲೇ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ನಮ್ಮ ಜಿಲ್ಲೆಯ ಬೀಜ ನೇರವಾಗಿ ಕುಡಿಯುವವರ ಲೋಟ ಸೇರಬಹುದು ಎಂಬುದು ಆಗ ದೇಶಕ್ಕೆಲ್ಲ ಗೊತ್ತಾಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಗುರುತನ್ನು ಪೊಟ್ಟಣದ ಮೇಲೆ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಅದನ್ನು ಮಾಡಿ. ಇಂದು ಅಂಚೆ, ಕೊರಿಯರ್, ಯುಪಿಐ ಇರುವುದರಿಂದ ಹಳ್ಳಿಯ ಮನೆಯಿಂದಲೇ ಬೆಂಗಳೂರಿನ ಮನೆಗೆ ಮಾರಬಹುದು. ಬಂದು ಹೋದ ಪ್ರವಾಸಿಯ ಕೈಗೆ ನಿಮ್ಮ ಫೋನ್ ಸಂಖ್ಯೆ ಇರುವ ಪೊಟ್ಟಣ ಹೋಗಲಿ. ಮೊದಲ ಬಾರಿ ಕಳಿಸಿದ ಗುಣ, ತೂಕ ಹತ್ತನೆಯ ಬಾರಿಯೂ ಹಾಗೆಯೇ ಇರಲಿ. ಎರಡನೆಯ ಬಾರಿ ಕೇಳಿ ತರಿಸಿಕೊಂಡವರೇ ನಿಮ್ಮ ನಿಜವಾದ ಗಿರಾಕಿ.

10. ಒಂದೇ ಬೆಳೆ, ಒಬ್ಬರೇ ಖರೀದಿದಾರರನ್ನು ನಂಬಬೇಡಿ

ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ಕಾಡುತ್ತಿದೆ. ಅದರ ಮೇಲೆ ಎಲೆಚುಕ್ಕಿ ರೋಗವೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆಯ ಮೇಲೆ ಮನೆ ನಡೆಸುವ ನಾವು ಈ ಸಂಗತಿಗಳನ್ನು ಕಣ್ಣು ತೆರೆದು ನೋಡಬೇಕು. ಅಡಿಕೆಯ ನೆರಳಲ್ಲಿ ಮೆಣಸು, ಕಾಫಿ, ಏಲಕ್ಕಿ ಇರಲಿ. ಮನೆಯಲ್ಲಿ ಜೇನಿನ ಪೆಟ್ಟಿಗೆ, ಉಪ್ಪಿನಕಾಯಿಯ ಜಾಡಿ ಇರಲಿ. ಹೊಸ ಘಟಕಕ್ಕೆ ಬಂಡವಾಳ ಬೇಕಾದರೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ತನಕ ಸಾಲಕ್ಕೆ ಜೋಡಿಸಿದ ಸಹಾಯಧನವನ್ನು ಇಟ್ಟಿತ್ತು. ಅದರ ಈಗಿನ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಖರೀದಿದಾರರೂ ಒಬ್ಬರೇ ಬೇಡ: ಒಂದು ಪಾಲು ಸಂಘಕ್ಕೆ, ಒಂದು ಪಾಲು ಮಂಡಿಗೆ, ಸಣ್ಣದೊಂದು ಪಾಲು ನೇರ ಗಿರಾಕಿಗೆ.

ಹತ್ತನ್ನೂ ಈ ವರ್ಷವೇ ಮಾಡಬೇಕಾಗಿಲ್ಲ. ಮುಂದಿನ ಕೊಯ್ಲಿಗೆ ಮೊದಲು ನಿಮ್ಮ ಒಂದೇ ಒಂದು ಸರಕನ್ನು ಆರಿಸಿ, ಅದರ ದಾರಿ ಬರೆಯಿರಿ, ದರ್ಜೆ ಮಾಡಿ, ಅದರಲ್ಲಿ ಹತ್ತು ಕಿಲೋವನ್ನಾದರೂ ನಿಮ್ಮದೇ ಹೆಸರಿನ ಪೊಟ್ಟಣದಲ್ಲಿ ಮಾರಿ. ಬಂದ ಹಣವನ್ನೂ ಹೋದ ಖರ್ಚನ್ನೂ ಬರೆದಿಟ್ಟು, ನೆರೆಮನೆಯವರಿಗೂ ತೋರಿಸಿ. ಬೆಳೆಯುವ ವಿದ್ಯೆಯನ್ನು ನಮ್ಮ ಹಿರಿಯರು ಕೊಟ್ಟು ಹೋಗಿದ್ದಾರೆ, ಮಾರುವ ವಿದ್ಯೆಯನ್ನು ನಮ್ಮ ಮಕ್ಕಳಿಗೆ ನಾವು ಕೊಡಬೇಕು.