ಸಾಯಬೇಕಾದ ಜೀವಕೋಶ ಸಾಯದಿದ್ದಾಗ

ವೈರಾಣು ಹೊಕ್ಕ ಜೀವಕೋಶವು ತಾನಾಗಿ ಸತ್ತು ನೆರೆಯ ಕೋಶಗಳನ್ನು ಉಳಿಸುವುದುಂಟು. ಇದು ನಿಸರ್ಗದತ್ತವಾದ ರಕ್ಷಣೆ. ಆದರೆ ಕೋಶ ಸತ್ತರೆ ವೈರಾಣುವಿಗೂ ನೆಲೆ ತಪ್ಪುತ್ತದೆ. ಆದುದರಿಂದ ಕೆಲವು ವೈರಾಣುಗಳು ಈ ಸಾವನ್ನೇ ತಡೆಯುವ ಪ್ರೋಟೀನುಗಳನ್ನು ತಯಾರಿಸುತ್ತವೆ.

ಗರ್ಭಕೋಶದ ಕೊರಳಿಗೆ ತಗಲುವ ಹ್ಯೂಮನ್ ಪ್ಯಾಪಿಲೋಮ ವೈರಾಣು ಇದಕ್ಕೆ ನಿದರ್ಶನ. ಇದರ ಹಲವು ಬಗೆಗಳಲ್ಲಿ 16 ಮತ್ತು 18ನೆಯವು ಹೆಚ್ಚು ಅಪಾಯಕಾರಿ. ಇವುಗಳ ಇ-7 ಎಂಬ ಪ್ರೋಟೀನು ಕೋಶವಿಭಜನೆಗೆ ಇರುವ ತಡೆಯನ್ನು ಕಳಚುತ್ತದೆ. ಹೀಗೆ ಹದ್ದುಮೀರಿದ ಕೋಶವನ್ನು ಪಿ-53 ಎಂಬ ಕಾವಲು ಪ್ರೋಟೀನು ಸಾವಿಗೆ ದೂಡಬೇಕು. ಅಷ್ಟರಲ್ಲಿ ಇ-6 ಎಂಬ ಇನ್ನೊಂದು ಪ್ರೋಟೀನು ಪಿ-53ನ್ನು ಕೋಶದ್ದೇ ಆದ ಕಸ ವಿಲೇವಾರಿ ವ್ಯವಸ್ಥೆಗೆ ಒಪ್ಪಿಸಿ ನಾಶಗೊಳಿಸುತ್ತದೆ. ಕಾವಲುಗಾರನನ್ನು ಮನೆಯವರ ಕೈಯಿಂದಲೇ ಹೊರದೂಡಿಸಿದಂತೆ! ಈ ಸಂಗತಿ 1990ರಲ್ಲಿ ತಿಳಿದುಬಂದಿತು. ಈ ವೈರಾಣುವಿಗೂ ಕ್ಯಾನ್ಸರಿಗೂ ಇರುವ ನಂಟನ್ನು ತೋರಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಸೋಂಕು ತಗಲಿದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಸೋಂಕುಗಳು ಎರಡು ವರ್ಷಗಳೊಳಗೆ ತಾವಾಗಿಯೇ ಅಳಿಯುತ್ತವೆ. ಅಳಿಯದೆ ಉಳಿದುದು ಸಾಮಾನ್ಯವಾಗಿ 15-20 ವರ್ಷಗಳಲ್ಲಿ, ನೋವಿಲ್ಲದೆ, ಕ್ಯಾನ್ಸರಾಗಿ ಬೆಳೆಯಬಹುದು. “ನನಗೇನೂ ತೊಂದರೆಯಿಲ್ಲ, ಪರೀಕ್ಷೆಯೇಕೆ?” ಎಂದು ಹೊರರೋಗಿ ವಿಭಾಗದಲ್ಲಿ ತಾಯಂದಿರು ನನ್ನನ್ನು ಕೇಳುವುದುಂಟು. ತೊಂದರೆ ಕಾಣದ ಈ ಕಾಲವೇ ಚಿಕಿತ್ಸೆಗೆ ಸುಲಭವಾದ ಕಾಲ. 30 ವರ್ಷ ದಾಟಿದ ಮಹಿಳೆಯರು ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಹೆಣ್ಣುಮಕ್ಕಳಿಗೆ ಲಸಿಕೆ ಕೊಡಿಸಲು 9ರಿಂದ 14ರ ವಯಸ್ಸು ಸೂಕ್ತ. ಲಸಿಕೆಯು ಹೊಸ ಸೋಂಕನ್ನು ತಡೆಯುವುದೇ ಹೊರತು ಈಗಾಗಲೇ ನೆಲೆಸಿದುದನ್ನು ಹೊರಹಾಕಲಾರದು. ಲಸಿಕೆ ಪಡೆದವರೂ ಮುಂದೆ ಪರೀಕ್ಷೆಗೆ ಬರಬೇಕು.