ಡ್ರಮ್ಮಿನ ಸಾಲೂ ಪ್ರತಿಧ್ವನಿಯ ಪಾಠವೂ

ಪ್ರತಿವರ್ಷವೂ ಜುಲೈ ತಿಂಗಳು ಕಳೆಯುತ್ತಿದ್ದಂತೆ ನಮ್ಮ ಶಾಲೆಯ ಅಂಗಳದಲ್ಲಿ ಡ್ರಮ್ಮುಗಳ ಧ್ವನಿ ಏಳುವುದನ್ನು ನೀವೆಲ್ಲರೂ ಬಲ್ಲಿರಿ. ಅದು ಸ್ವಾತಂತ್ರ್ಯದಿನದ ಪಥಸಂಚಲನದ ಸಿದ್ಧತೆ. ಕೆಲವು ವರ್ಷಗಳ ಹಿಂದೆ ಇಂತಹುದೇ ಒಂದು ಸಂಜೆ ಪೋಷಕರೊಬ್ಬರು ನನ್ನ ಕೊಠಡಿಗೆ ಬಂದರು. ಜಾತ್ರೆ ಮೆರವಣಿಗೆಗಳಲ್ಲಿ ತಮಟೆ ಬಾರಿಸುವ ಮನೆತನದವರು. "ಮೇಷ್ಟ್ರೇ, ನಮ್ಮ ತಾತ ಬಡಿದ, ಅಪ್ಪ ಬಡಿದ, ನಾನೂ ಬಡಿದೆ. ಮಗನ ಕೈಗೆ ಪುಸ್ತಕ ಬರಲಿ ಎಂದು ಇಲ್ಲಿಗೆ ಕಳಿಸಿದರೆ ನೀವೂ ಕೋಲನ್ನೇ ಕೊಟ್ಟಿರಲ್ಲ!" ಎಂದರು. ಆ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾರೆ. ನನಗೆ ಆಗ ಉತ್ತರ ತೋಚಲಿಲ್ಲ. ಅವರು ಹೋದ ಮೇಲೆ ನನ್ನ ವಿದ್ಯಾರ್ಥಿದೆಸೆಯ ಪ್ರಸಂಗವೊಂದು ನೆನಪಿಗೆ ಬಂದಿತು. ಅದರೊಳಗೆ ಭೌತಶಾಸ್ತ್ರದ ಪಾಠವೊಂದೂ ಅಡಗಿರುವುದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

1990ರ ದಶಕದ ಮೊದಲ ವರ್ಷಗಳವು. ಹಿಂದೂಪುರದಲ್ಲಿ ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ವಾದ್ಯದಳದಲ್ಲಿ ಆರು ಸೈಡ್ ಡ್ರಮ್ಮುಗಳು, ಅವುಗಳ ಹಿಂದೆ ಒಂದು ದೊಡ್ಡ ಡ್ರಮ್ಮು, ಪಕ್ಕದಲ್ಲಿ ಒಂದು ಜೊತೆ ತಾಳ. ಮುಂದಿನ ಸಾಲಿನ ಬಲತುದಿ ನನ್ನದು. ಮೊದಲ ತಿಂಗಳು ನಮಗೆ ಡ್ರಮ್ಮನ್ನು ಮುಟ್ಟಗೊಡಲಿಲ್ಲ. ಬೆಂಚುಗಳ ಮೇಲೆಯೇ ಕೋಲಾಡಿಸಬೇಕು. ಬಲಗೈಯ ಪೆಟ್ಟಿಗೂ ಎಡಗೈಯ ಪೆಟ್ಟಿಗೂ ಕೇಳುವವನಿಗೆ ಭೇದ ತಿಳಿಯಬಾರದೆಂಬುದು ಡ್ರಿಲ್ ಮೇಷ್ಟ್ರ ನಿಯಮ. ಇದಕ್ಕಾಗಿ ಎಡಗೈಯಿಂದಲೇ ಬಾಗಿಲು ತೆರೆಯಿರಿ, ಎಡಗೈಯಿಂದಲೇ ಚೆಂಡೆಸೆಯಿರಿ ಎನ್ನುತ್ತಿದ್ದರು. ಎಡಗೈಯಲ್ಲಿ ಊಟವನ್ನೂ ಮಾಡಲು ಹೋದ ನಮ್ಮ ಗೆಳೆಯನೊಬ್ಬನು ಅಜ್ಜಿಯಿಂದ ಪೆಟ್ಟು ತಿಂದನು.

ಸೈಡ್ ಡ್ರಮ್ಮಿನ ರಚನೆಯನ್ನು ಗಮನಿಸಿ. ಮೇಲಿನ ಹೊದಿಕೆಯನ್ನು ಹೊಡೆದಾಗ ಒಳಗಿನ ಗಾಳಿಯು ಕೆಳಗಿನ ಹೊದಿಕೆಯನ್ನು ಅದುರಿಸುವುದು. ಆ ಹೊದಿಕೆಗೆ ತಾಗಿಕೊಂಡಂತೆ ಬಿಗಿದ ತಂತಿಗಳು ಕೂಡಲೆ ಝರ್ರೆನ್ನುವುವು. ಧ್ವನಿಯು ತೀಕ್ಷ್ಣ, ಅಲ್ಪಾಯು. ಹೆಜ್ಜೆಯೆಣಿಸಲು ಇಂತಹ ಧ್ವನಿಯೇ ತಕ್ಕುದು. ವೇಗದ ನಡಿಗೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಯೊಂದಕ್ಕೆ 30 ಅಂಗುಲ. ಗುಣಿಸಿ ನೋಡಿರಿ, ನಿಮಿಷಕ್ಕೆ 100 ಗಜ ಸಾಗುತ್ತೇವೆ. ಎಡಗಾಲು ನೆಲ ಮುಟ್ಟುವ ಕ್ಷಣಕ್ಕೆ ದೊಡ್ಡ ಡ್ರಮ್ಮಿನ ಪೆಟ್ಟು ಬೀಳಬೇಕು. ನಾಲ್ಕು ಹೆಜ್ಜೆಗೊಮ್ಮೆ ಸೈಡ್ ಡ್ರಮ್ಮುಗಳು ಒಂದು ಹೆಜ್ಜೆಯಷ್ಟು ಕಾಲ ಮೌನವಾಗಿ ಮತ್ತೆ ಒಟ್ಟಾಗಿ ಏಳಬೇಕು. ಆ ಮೌನವೇ ಕಷ್ಟದ ಸ್ಥಳ.

ಸ್ಪರ್ಧೆ ನಡೆದುದು ಕಲ್ಯಾಣದುರ್ಗದಲ್ಲಿ. ಮೈದಾನದ ಒಂದು ಮಗ್ಗುಲಿಗೆ ಉದ್ದನೆಯ ಎತ್ತರದ ಕಟ್ಟಡವಿದ್ದಿತು. ಅರ್ಧ ಮೈದಾನದವರೆಗೂ ನಮ್ಮ ಸಾಲು ಒಬ್ಬನೇ ನಡೆದಂತೆ ನಡೆಯಿತು. ಆ ಗೋಡೆಗೆ ಎದುರಾಗಿ ತಿರುಗಿ ಸ್ವಲ್ಪ ದೂರ ನಡೆದಾಗ, ನಮ್ಮ ಮೌನದ ನಡುವೆ ಎಲ್ಲಿಂದಲೋ ಒಂದು ಪೆಟ್ಟು ಕೇಳಿಸಿತು. ನನ್ನ ಕಿವಿ ಅದನ್ನೇ ತಾಳವೆಂದು ನಂಬಿತು. ಕೈ ಕಿವಿಯನ್ನು ನಂಬಿತು. ನಾನು ಅರ್ಧ ಹೆಜ್ಜೆ ಮೊದಲೇ ಎದ್ದೆ. ಪಕ್ಕದವನು ನನ್ನನ್ನು ಅನುಸರಿಸಿದನು, ಅವನ ಪಕ್ಕದವನು ಅವನನ್ನು. ಹಿಂದೆ ಬರುತ್ತಿದ್ದ ಮೂವತ್ತು ಬಾಲಕರ ಕಾಲುಗಳು ಒಂದಕ್ಕೊಂದು ತೊಡರಿದುವು. ದೊಡ್ಡ ಡ್ರಮ್ಮಿನವನೊಬ್ಬನೇ ಕದಲಲಿಲ್ಲ. ಅವನ ಪೆಟ್ಟನ್ನು ಹಿಡಿದು ನಾವು ಸಾಲಿಗೆ ಮರಳುವ ಹೊತ್ತಿಗೆ ಬಹುಮಾನ ಕೈಬಿಟ್ಟಿದ್ದಿತು.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದು. ಗೋಡೆ ಸುಮಾರು 42 ಮೀಟರು ದೂರವಿದ್ದರೆ ಹೋಗಿ ಬರಲು ಕಾಲು ಸೆಕೆಂಡು ಬೇಕು. ನಮ್ಮ ಹೆಜ್ಜೆಯ ಕಾಲ ಅರ್ಧ ಸೆಕೆಂಡು. ಪ್ರತಿಧ್ವನಿಯು ಸರಿಯಾಗಿ ಎರಡು ಹೆಜ್ಜೆಗಳ ನಡುವೆ ಬಂದು ಬಿದ್ದುದು ಹೀಗೆ. ಗೋಡೆಯು 17 ಮೀಟರಿಗಿಂತ ಸಮೀಪವಿದ್ದರೆ ಎರಡು ಧ್ವನಿಗಳ ಅಂತರವು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಮೆಯಾಗಿ ಕಿವಿಗೆ ಅವು ಬೇರೆಯೆಂದು ತೋರುವುದೇ ಇಲ್ಲ. ಅಮೆರಿಕದಲ್ಲಿ ಡ್ರಮ್ ಮತ್ತು ತುತ್ತೂರಿ ದಳಗಳ ದೊಡ್ಡ ಸ್ಪರ್ಧೆಯೊಂದು 1972ರಿಂದ ನಡೆದುಬಂದಿದೆ. ಅಲ್ಲಿಯ ಮೈದಾನದ ಅಗಲವೇ ಸುಮಾರು 50 ಮೀಟರು. ಹಿಂದಿನವನ ಪೆಟ್ಟು ಮುಂದಿನವನಿಗೆ ಮುಟ್ಟುವ ವೇಳೆಗೆ ಸೆಕೆಂಡಿನ ಏಳನೆಯ ಒಂದು ಭಾಗ ಕಳೆದಿರುತ್ತದೆ. ಆದುದರಿಂದ ಹಿಂದಿರುವವರು ನಾಯಕನ ಕೈಯನ್ನು ಕಣ್ಣಿನಿಂದ ಅನುಸರಿಸುವರು. ಮುಂದಿರುವವರು ನಾಯಕನನ್ನು ಬಿಟ್ಟು, ಹಿಂದಿನಿಂದ ಬರುವ ಧ್ವನಿಯೊಡನೆ ಸೇರುವರು. ಆಗ ನೋಡುವವರಿಗೆ ಎಲ್ಲವೂ ಒಂದೇ ಪೆಟ್ಟಾಗಿ ಕೇಳುವುದು.

ಈ ಲೆಕ್ಕವೊಂದೂ ಅಂದು ನಮಗೆ ತಿಳಿಯದು. ಹಿಂತಿರುಗುವಾಗ ಬಸ್ಸಿನಲ್ಲಿ ದೊಡ್ಡ ಡ್ರಮ್ಮಿನವನನ್ನು ಕೇಳಿದೆವು: "ನೀನು ಹೇಗೋ ತಪ್ಪಲಿಲ್ಲ?" ಅವನು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ಬಳಿಕ ಹೇಳಿದನು: "ನಮ್ಮಪ್ಪ ಬೆಟ್ಟದ ಬುಡದಲ್ಲಿ ಜಾತ್ರೆಗೆ ತಮಟೆ ಬಾರಿಸ್ತಾನೆ. ಅಲ್ಲಿ ಬಂಡೆ ತಿರುಗಿ ಬಾರಿಸುತ್ತೆ. ಬೆಟ್ಟದ ಮಾತು ಕೇಳಬೇಡ, ನಿನ್ನ ಹಿಮ್ಮಡಿ ಮಾತು ಕೇಳು ಅಂತ ಹೇಳಿಕೊಟ್ಟಿದ್ದ." ಮೂರು ವರ್ಷ ಒಂದೇ ತರಗತಿಯಲ್ಲಿ ಕುಳಿತಿದ್ದರೂ ತಂದೆಯ ಕಸುಬನ್ನು ಅವನು ನಮಗೆ ಹೇಳಿದುದು ಅದೇ ಮೊದಲು. ಏಕೆ ಬಚ್ಚಿಟ್ಟಿದ್ದನೆಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ತಮಟೆಯವರನ್ನು ನಮ್ಮ ಮನೆಯ ಜಗುಲಿಯ ಮೇಲೆ ಕೂರಿಸುತ್ತಿರಲಿಲ್ಲ; ಅವರಿಗೆ ಕೊಡುವ ಕಾಸನ್ನು ಮೇಲಿನಿಂದ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೆ.

ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಗೆ ಪ್ರವಾಸ ಹೋದಾಗ ವೀರಭದ್ರ ದೇವಾಲಯದ ನಾಟ್ಯಮಂಟಪವನ್ನು ನೋಡಿರುವಿರಷ್ಟೆ. ಅಚ್ಯುತರಾಯನ ಆಳಿಕೆಯಲ್ಲಿ (1529-1542) ರೂಪುಗೊಂಡ ಆ ಕಂಬಗಳ ಮೇಲೆ ತುಂಬುರನು ವೀಣೆ ನುಡಿಸುತ್ತಾನೆ, ಬ್ರಹ್ಮನು ಮದ್ದಳೆ ಬಾರಿಸುತ್ತಾನೆ. ಚರ್ಮವಾದ್ಯವು ಬ್ರಹ್ಮನ ಕೈಯಲ್ಲಿದ್ದರೆ ಕೈಮುಗಿಯುವ ನಾವು ನೆರೆಯವನ ಕೈಯಲ್ಲಿದ್ದರೆ ಅವನನ್ನು ಅಂಗಳದಲ್ಲಿಯೇ ನಿಲ್ಲಿಸಿದೆವು.

ಆ ಪೋಷಕರ ಮನೆಗೆ ಮರುವಾರ ನಾನೇ ಹೋದೆ. ಬಸ್ಸಿನ ಕಥೆಯನ್ನು ಹೇಳಿ, ನಮ್ಮ ಮಕ್ಕಳಿಗೆ ತಾಳ ಕಲಿಸಲು ಬರಬೇಕೆಂದು ಕೇಳಿಕೊಂಡೆ. ಅವರು ಕೂಡಲೆ ಒಪ್ಪಲಿಲ್ಲ. "ಎಲ್ಲ ಕೇರಿ ಮಕ್ಕಳೂ ತಮಟೆ ಹಿಡಿಯೋದಾದರೆ ಬರ್ತೀನಿ. ನನ್ನ ಮಗನೊಬ್ಬನೇ ಆದರೆ ಬೇಡ" ಎಂದರು. ಇಬ್ಬರು ತಂದೆಯರು ಆಕ್ಷೇಪಿಸಿ ತಮ್ಮ ಮಕ್ಕಳನ್ನು ದಳದಿಂದ ಬಿಡಿಸಿಕೊಂಡರು; ಉಳಿದವರು ನಿಂತರು. ಮೊದಲ ಶನಿವಾರ ಅವರು ಹುಲ್ಲಿನ ಬೆಂಕಿಗೆ ತಮಟೆಯನ್ನು ಹಿಡಿದು, ತೇವವಾರಿದ ಚರ್ಮ ಬಿಗಿದು ಸ್ವರವೇರುವುದನ್ನು ತೋರಿಸಿದರು. ಆಮೇಲೆ ಮಕ್ಕಳನ್ನು ಮೈದಾನದ ಆಚೆಯ ಅಂಚಿಗೆ ಕರೆದೊಯ್ದು, ಶಾಲೆಯ ಗೋಡೆಗೆ ಎದುರಾಗಿ ನಿಲ್ಲಿಸಿ, ಬಾರಿಸಿರಿ ಎಂದರು.